ಮೇಷ್ಟ್ರು ಕೂಡ ನಂಬಿದ್ದು ಯಾಕೆ?

ಪ್ರಶ್ನೆ: ನಮ್ಮ ದೊಡ್ಡಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕೊರೊನಾ ಶುರುವಾದಾಗ ಓಣಿಯವರಿಗೆಲ್ಲ ಬೈದು ಮಾಸ್ಕ್ ಹಾಕಿಸಿದವರು ಅವರೇ. 2021ರ ಮೇ ತಿಂಗಳಲ್ಲಿ ಚಿಕ್ಕಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು, ಮುಖ ನೋಡಲು ಬಿಡಲಿಲ್ಲ. ಅದಾದ ಮೇಲೆ ದೊಡ್ಡಪ್ಪ ನಿಧಾನಕ್ಕೆ ಬದಲಾದರು. ಕೊರೊನಾ ಅನ್ನುವುದೇ ಔಷಧಿ ಕಂಪನಿಗಳ ಪ್ಲಾನ್, ಒಂದೊಂದು ಹೆಣಕ್ಕೆ ಆಸ್ಪತ್ರೆಗೆ ಇಷ್ಟು ಲಕ್ಷ ಬರುತ್ತಿತ್ತು, ಲಸಿಕೆಯಿಂದಲೇ ಈಗ ಹುಡುಗರಿಗೆ ಹಾರ್ಟ್ ಅಟ್ಯಾಕ್ ಆಗುತ್ತಿದೆ ಅಂತ ಮನೆಯ ವಾಟ್ಸಾಪ್ ಗ್ರೂಪಿಗೆ ದಿನಾ ಹಾಕುತ್ತಾರೆ. ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದ ಮೇಲಂತೂ ಕೇಳಲೇಬೇಡಿ. ಇಷ್ಟು ಓದಿದವರು ಹೀಗೆ ನಂಬುವುದು ಹೇಗೆ? ಸಾಂಕ್ರಾಮಿಕ ಬಂದಾಗಲೇ ಇಂಥ ಪಿತೂರಿ ಕಥೆಗಳು ಇಷ್ಟು ಜೋರಾಗಿ ಹಬ್ಬುವುದು ಯಾಕೆ? ಅವರ ಹತ್ತಿರ ಹೇಗೆ ಮಾತಾಡಲಿ?
— ಒಬ್ಬ ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ:

ಮೊದಲು ಆ ‘ಇಷ್ಟು ಓದಿದವರು’ ಅನ್ನುವ ಮಾತು. ಓದು ಜಾಸ್ತಿ ಆದಂತೆ ಇಂಥ ಕಥೆಗಳನ್ನು ನಂಬುವುದು ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ, ನಿಜ. ಆದರೆ ಓದಿದವರು ಒಮ್ಮೆ ನಂಬಿಬಿಟ್ಟರೆ ಅದಕ್ಕೆ ಪುರಾವೆ ಜೋಡಿಸುವ ಚಾಕಚಕ್ಯತೆಯೂ ಅವರಿಗೇ ಜಾಸ್ತಿ. ದೊಡ್ಡಪ್ಪ ಹಾಕಿದ ಮೆಸೇಜುಗಳನ್ನು ಒಮ್ಮೆ ತೆಗೆದು ನೋಡಿ. ಸ್ಪೈಕ್ ಪ್ರೋಟೀನ್, ಪೇಟೆಂಟ್ ನಂಬರ್, ಯಾವುದೋ ವಿದೇಶಿ ಡಾಕ್ಟರ ಹೆಸರು, ಎಲ್ಲ ಇರುತ್ತವೆ ಅಲ್ವಾ? ಹೈಸ್ಕೂಲ್ ಮೇಷ್ಟ್ರಿಗೆ ಹಿಡಿಸುವ ಭಾಷೆಯಲ್ಲೇ ಅದು ಬರುತ್ತದೆ.

ನಾನು ಸಮಾಜಶಾಸ್ತ್ರದವಳು. ಒಬ್ಬರ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದಕ್ಕಿಂತ, ಅವರಿಗೆ ಕಷ್ಟ ಬಂದಾಗ ಸುತ್ತ ಯಾರಿದ್ದರು, ಕೇಳಿದ್ದಕ್ಕೆ ಯಾರು ಉತ್ತರ ಕೊಟ್ಟರು, ಯಾರು ಬಾಯಿ ಬಿಡಲಿಲ್ಲ ಅನ್ನುವುದನ್ನು ನೋಡುವುದು ನಮ್ಮ ಅಭ್ಯಾಸ. ಆ ಕಡೆಯಿಂದ ನೋಡಿದರೆ ದೊಡ್ಡಪ್ಪ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ನೀವೇ ಬರೆದಿದ್ದೀರಿ: ಅವರು ಬದಲಾದದ್ದು ತಮ್ಮ ಸತ್ತ ಮೇಲೆ.

ಸಾಂಕ್ರಾಮಿಕ ಬಂದಾಗಲೇ ಯಾಕೆ ಅಂತ ಕೇಳಿದ್ದೀರಿ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ರೋಗದ್ದೇ ಅಲ್ಲ, ಭೂಕಂಪದ್ದು. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪ ಆಯಿತು. ಆಮೇಲೆ ಜನರ ಬಾಯಲ್ಲಿ ಓಡಾಡಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಕೂಡಿಸಿಟ್ಟರು. ನೆಲ ನಡುಗಿದ್ದು ಗೊತ್ತಾಗಿದೆ, ಆದರೆ ಮನೆ ಬಿದ್ದಿಲ್ಲ, ಯಾರೂ ಸತ್ತಿಲ್ಲ. ಅಂಥ ಜಾಗಗಳಲ್ಲೂ ‘ಇದಕ್ಕಿಂತ ದೊಡ್ಡದು ಬರಲಿದೆ’ ಅನ್ನುವಂಥ ಸುದ್ದಿಗಳೇ ಓಡಾಡಿದ್ದವು. ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಇದನ್ನು ಓದಿ ತಲೆ ಕೆಡಿಸಿಕೊಂಡರು. ಹೆದರಿದವರು ಧೈರ್ಯ ಕೊಡುವ ಸುದ್ದಿ ಹುಡುಕಬೇಕು. ಇವರು ಯಾಕೆ ಇನ್ನಷ್ಟು ಹೆದರಿಸುವ ಸುದ್ದಿಯನ್ನು ಹಿಡಿದುಕೊಂಡರು? ಫೆಸ್ಟಿಂಗರ್ ಕಂಡುಕೊಂಡ ಉತ್ತರ ಇದು: ಭಯ ಆಗಲೇ ಮೈಗೆ ಬಂದಿದೆ, ಅದಕ್ಕೆ ತಕ್ಕ ಕಾರಣ ಮಾತ್ರ ಕಣ್ಣಿಗೆ ಕಾಣುತ್ತಿಲ್ಲ. ಸುದ್ದಿ ಆ ಕಾರಣವನ್ನು ತಂದುಕೊಡುತ್ತದೆ. ‘ನಾನು ಹೆದರಿದ್ದು ಸುಮ್ನೆ ಅಲ್ಲ’ ಅನ್ನಿಸುತ್ತದೆ.

ಈಗ 2020ರ ಏಪ್ರಿಲ್ ತಿಂಗಳ ದಾವಣಗೆರೆಯನ್ನು ನೆನಪಿಸಿಕೊಳ್ಳಿ. ಗಡಿಯಾರ ಕಂಬದ ಸುತ್ತ ಹುಳ ಇಲ್ಲ. ಬೆಣ್ಣೆ ದೋಸೆ ಹೋಟೆಲುಗಳಿಗೆ ಬೀಗ. ಮಂಡಕ್ಕಿ ಭಟ್ಟಿಗಳಲ್ಲಿ ಒಲೆ ಉರಿಯುತ್ತಿಲ್ಲ. ಸರ್ಕಲ್ಲಿನಲ್ಲಿ ಲಾಠಿ ಹಿಡಿದ ಪೊಲೀಸರು. ಆದರೆ ರೋಗ ಎಲ್ಲಿ? ಊರಿನಲ್ಲಿ ಕೇಸೇ ಬೆರಳೆಣಿಕೆ. ಆ ತಿಂಗಳ ಕೊನೆಯ ಹೊತ್ತಿಗೆ ಹಸಿರು ವಲಯ ಎಂದು ಕೂಡ ಅನ್ನಿಸಿಕೊಂಡಿತ್ತು. ಅದಾಗಿ ಕೆಲವೇ ದಿನಗಳಲ್ಲಿ ಕೇಸುಗಳು ಏರಿದವು, ಅದು ಬೇರೆ ಮಾತು. ಆ ನಡುವಿನ ವಾರಗಳಲ್ಲಿ ಜನರು ಕಂಡದ್ದು ಶಿಕ್ಷೆಯನ್ನು. ತಪ್ಪು ಏನು ಅಂತ ಕಾಣಲಿಲ್ಲ. ಕೂಲಿ ಹೋಯಿತು, ಮದುವೆ ನಿಂತಿತು, ಎಪಿಎಂಸಿಗೆ ಮಾಲು ತರುವುದು ಹೇಗೆ ಅನ್ನುವ ಚಿಂತೆ. ಇಷ್ಟೆಲ್ಲ ಆಗುತ್ತಿದೆ ಅಂದರೆ ಹಿಂದೆ ಇನ್ನೇನೋ ಇರಲೇಬೇಕು ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಕಣ್ಣಿಗೆ ಕಾಣದ ವೈರಸ್ಸು ಆ ‘ಇನ್ನೇನೋ’ಕ್ಕೆ ಸಾಲಲಿಲ್ಲ.

ಸರ್ಕಾರ ಕೊಡುತ್ತಿದ್ದ ಮಾಹಿತಿಯ ರೂಪವೂ ಇದಕ್ಕೆ ಇಂಬು ಕೊಟ್ಟಿತು. ದಿನಾ ಬುಲೆಟಿನ್ ಬರುತ್ತಿತ್ತು. ಪಿ ಅಂತ ಶುರುವಾಗುವ ರೋಗಿ ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಯಾವ ಊರು, ಯಾವ ಪಿ ಸಂಖ್ಯೆಯವರ ಸಂಪರ್ಕ. ಹೆಸರೊಂದು ಬಿಟ್ಟು ಎಲ್ಲ. ಇದನ್ನು ಕೈಗೆ ಕೊಟ್ಟರೆ ಜನ ಏನು ಮಾಡುತ್ತಾರೆ? ಪತ್ತೇದಾರಿ ಮಾಡುತ್ತಾರೆ. ‘ಅದು ಇಂಥ ಓಣಿಯವರಂತೆ’, ‘ಅವರ ಮನೆಗೆ ಇಂಥವರು ಬಂದಿದ್ದರಂತೆ’. ಆ ‘ಅಂತೆ’ಗಳನ್ನು ಕೂಡಿಸಿ ಕೂಡಿಸಿ ರಾತ್ರಿಯೊಳಗೆ ಒಂದು ಕಥೆ ಆಗುತ್ತಿತ್ತು. ತಮೊತ್ಸು ಶಿಬುತಾನಿ ಎಂಬ ಸಮಾಜಶಾಸ್ತ್ರಜ್ಞರು 1960ರ ದಶಕದಲ್ಲೇ ಇದನ್ನು ಹೇಳಿದ್ದರು. ಗಾಳಿಸುದ್ದಿ ಅಂದರೆ ಬರೀ ಸುಳ್ಳು ಅಂತ ತಳ್ಳಿಹಾಕಬೇಡಿ, ನಂಬುವಂಥ ಸುದ್ದಿ ಸಿಗದಾಗ ಜನರೇ ಕೂತು ಕಟ್ಟಿಕೊಳ್ಳುವ ಸುದ್ದಿ ಅದು, ಅಂತ. ನನಗೆ ಈ ಮಾತು ಸರಿ ಅನ್ನಿಸುತ್ತದೆ. ಕಟ್ಟೆಯ ಮೇಲೆ ಕೂತವರು ಸುಳ್ಳು ಹಬ್ಬಿಸೋಣ ಅಂತ ಕೂತಿರಲಿಲ್ಲ. ಏನಾಗುತ್ತಿದೆ ಅಂತ ತಿಳಿದುಕೊಳ್ಳಲು ಕೂತಿದ್ದರು.

ಇದೆಲ್ಲ ಮೊಬೈಲಿನಿಂದ ಬಂದ ರೋಗ ಅನ್ನುವವರಿದ್ದಾರೆ. ಅವರು 1896ರ ಬಾಂಬೆಯನ್ನು ನೋಡಬೇಕು. ಪ್ಲೇಗ್ ಬಂದಿತ್ತು. ಸರ್ಕಾರ ರೋಗಿಗಳನ್ನು ಮನೆಯಿಂದ ಎಳೆದುಕೊಂಡು ಹೋಗಿ ಆಸ್ಪತ್ರೆಗೆ ಹಾಕುತ್ತಿತ್ತು. ಆಗ ಹಬ್ಬಿದ ಸುದ್ದಿ: ಆಸ್ಪತ್ರೆಯಲ್ಲಿ ಜನರನ್ನು ತಲೆಕೆಳಗಾಗಿ ನೇತುಹಾಕಿ ಮೈಯಿಂದ ಎಣ್ಣೆ ಇಳಿಸುತ್ತಾರೆ. ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದಿದ್ದರು. ಆ ಸಿಟ್ಟಿಗೆ ರಾಣಿ ಊರಿನವರ ಲಿವರ್ ಕೇಳಿದ್ದಾಳೆ ಅಂತ ಇನ್ನೊಂದು ಸುದ್ದಿ. ಅಕ್ಟೋಬರ್ ತಿಂಗಳಲ್ಲಿ ಮಿಲ್ ಕಾರ್ಮಿಕರ ದೊಡ್ಡ ಗುಂಪು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿತು. ಲಿವರ್ ಜಾಗದಲ್ಲಿ ಕಿಡ್ನಿ ಹಾಕಿ, ರಾಣಿಯ ಜಾಗದಲ್ಲಿ ಕಂಪನಿ ಹಾಕಿ. ನಿಮ್ಮ ಮನೆಯ ಗ್ರೂಪಿನ ಮೆಸೇಜ್ ಆಗುತ್ತದೆ. 1897ರಲ್ಲಿ ಆ ಪ್ಲೇಗಿಗಾಗಿಯೇ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಜಾರಿ ಮಾಡಿದರು. ಕಾಯ್ದೆಯೂ ಅದೇ, ಗಾಳಿಸುದ್ದಿಯೂ ಅದೇ.

ಎರಡು ಕಾಲದಲ್ಲೂ ಒಂದು ವಿಷಯ ಸಮಾನ. ರೋಗಿಯನ್ನು ಮನೆಯವರ ಕಣ್ಣಿಂದ ದೂರ ಮಾಡಿದರು. ಬಾಗಿಲ ಆಚೆ ಏನು ನಡೆಯಿತು ಅಂತ ಮನೆಯವರಿಗೆ ಗೊತ್ತಾಗಲಿಲ್ಲ. ನಮ್ಮ ಕಡೆ ಆಸ್ಪತ್ರೆಗೆ ಯಾರನ್ನಾದರೂ ಸೇರಿಸಿದರೆ ಹೊರಗಿನ ಮರದ ಕೆಳಗೆ ನಾಲ್ಕು ಜನ ಕೂತೇ ಇರುತ್ತಾರೆ. ಒಬ್ಬರು ಬುತ್ತಿ ತರುತ್ತಾರೆ, ಒಬ್ಬರು ನರ್ಸಮ್ಮನ ಹಿಂದೆ ಓಡುತ್ತಾರೆ, ಒಬ್ಬರು ಔಷಧಿ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾರೆ. ಬರೀ ಸಹಾಯ ಅಲ್ಲ ಅದು, ಒಂದು ಥರದ ಕಾವಲು. ಕೊರೊನಾದಲ್ಲಿ ಆ ಕಾವಲು ತೆಗೆದುಹಾಕಲಾಯಿತು. ಸೋಂಕಿನ ಲೆಕ್ಕದಲ್ಲಿ ಅದಕ್ಕೆ ಕಾರಣ ಇತ್ತು. ಆದರೆ ಫೋನ್ ಮಾಡಿದರೆ ಎತ್ತುವವರಿಲ್ಲ, ಎತ್ತಿದರೆ ‘ಸ್ಟೇಬಲ್ ಇದ್ದಾರೆ’ ಅನ್ನುವ ಒಂದೇ ಮಾತು, ಮೂರನೇ ದಿನ ‘ತೀರಿಕೊಂಡರು’ ಅನ್ನುವ ಮಾತು. ನಡುವಿನ ಖಾಲಿ ಜಾಗವನ್ನು ಯಾರು ತುಂಬಬೇಕು?

ಸಾವಿನ ಮೇಲೆ ಮಾಡುವ ಕೆಲಸಗಳೂ ನಿಂತವು. ಮುಖ ನೋಡುವುದು, ಬಾಯಿಗೆ ನೀರು ಬಿಡುವುದು, ಮಣ್ಣಿಗೆ ಹೋಗುವುದು, ಒಂದೂ ಇಲ್ಲ. ನಮ್ಮ ಬಯಲುಸೀಮೆಯ ಹಳ್ಳಿಗಳು ರೋಗವನ್ನು ಹೇಗೆ ಎದುರಿಸುತ್ತಿದ್ದವು ನೋಡಿ. ಚಿತ್ರದುರ್ಗದ ಕಡೆ ಹೋಳಿಗೆಮ್ಮನ ಹಬ್ಬ ಮಾಡುತ್ತಾರೆ. ಹೋಳಿಗೆ, ಬೇವಿನ ಸೊಪ್ಪು ಇಟ್ಟುಕೊಂಡು ಹೆಂಗಸರು ಊರ ಗಡಿಯ ತನಕ ಹೋಗಿ ಅಮ್ಮನನ್ನು ಕಳಿಸಿ ಬರುತ್ತಾರೆ. ಕೆಲವು ಹಳ್ಳಿಗಳಲ್ಲಿ ಹೊರಬೀಡು ಅಂತ ಇಡೀ ಊರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಅಡುಗೆ ಮಾಡಿ ಉಣ್ಣುತ್ತದೆ. ವೈರಸ್ಸು ಇದರಿಂದ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ರೋಗಕ್ಕೆ ಒಂದು ಹೆಸರು, ಒಂದು ಮುನಿಸು, ಅದನ್ನು ಸಾಗಹಾಕುವ ಒಂದು ದಾರಿ ಸಿಗುತ್ತಿತ್ತು. ಮುಖ್ಯವಾಗಿ, ಊರಿನ ಯಾವ ಮನುಷ್ಯನ ಮೇಲೂ ಆರೋಪ ಬರುತ್ತಿರಲಿಲ್ಲ. (ಗಡಿ ದಾಟಿದ ಅಮ್ಮ ಪಕ್ಕದೂರಿಗೆ ಹೋಗುತ್ತಾಳಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ, ಅದು ಅವರ ಪಾಡು!)

ಕಾರ್ಲ್ ಪಾಪರ್ ಎಂಬ ತತ್ವಜ್ಞಾನಿ 1940ರ ದಶಕದಲ್ಲಿ ಬರೆದದ್ದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಹಿಂದೆ ನಡೆದದ್ದಕ್ಕೆಲ್ಲ ದೇವರ ಕಡೆ ಕೈ ತೋರಿಸುತ್ತಿದ್ದ ಜನ, ಆ ಜಾಗ ಖಾಲಿಯಾದ ಮೇಲೆ ಅಲ್ಲಿ ಬಲಾಢ್ಯರ ಗುಂಪುಗಳನ್ನು ಕೂರಿಸಿದರು ಅಂತ. ದೊಡ್ಡಪ್ಪ ಅಮ್ಮನ ಮುನಿಸನ್ನು ನಂಬುವವರಲ್ಲ, ವಿಜ್ಞಾನದ ಮೇಷ್ಟ್ರು. ‘ಆಕಸ್ಮಿಕ, ಯಾರ ತಪ್ಪೂ ಇಲ್ಲ’ ಅನ್ನುವುದನ್ನೂ ಅವರ ಹೊಟ್ಟೆ ಒಪ್ಪುತ್ತಿಲ್ಲ. ಉಳಿದದ್ದು ಒಂದೇ: ಯಾರೋ ಮಾಡಿದ್ದಾರೆ. ನನ್ನ ತಮ್ಮನೇ ಯಾಕೆ, ಅವತ್ತೇ ಯಾಕೆ ಅನ್ನುವ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರ ಇಲ್ಲ. ಪಿತೂರಿಯಲ್ಲಿ ಇದೆ.

ಇಲ್ಲಿಯವರೆಗೆ ಭಯ, ದುಃಖದ ಮಾತಾಯಿತು. ಇನ್ನು ಜನ ಸರ್ಕಾರದ ಮಾತನ್ನು ನಂಬದಿರಲು ಇದ್ದ ಕಾರಣಗಳು. ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಯಾಕೆಂದರೆ ಇಂಥ ವಿಷಯ ಬಂದಾಗ ‘ಜನರಿಗೆ ತಿಳಿವಳಿಕೆ ಇಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳುವವರೇ ಜಾಸ್ತಿ.

2020ರ ಜೂನ್ ಕೊನೆಯಲ್ಲಿ ಪಕ್ಕದ ಬಳ್ಳಾರಿಯಿಂದ ಒಂದು ವಿಡಿಯೊ ಬಂತು. ಪಿಪಿಇ ಕಿಟ್ ಹಾಕಿದವರು ಕೊರೊನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದರು. ಅದು ನಿಜವಾದ ವಿಡಿಯೊ. ಜಿಲ್ಲಾಡಳಿತ ಕ್ಷಮೆ ಕೇಳಿತು. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಅಂತ ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಆ ಲೆಕ್ಕ ನಿಲ್ಲಲಿಲ್ಲ. ಅದೇ ವಾರ ಬೆಂಗಳೂರಿನಲ್ಲಿ ಬೆಡ್ ಬ್ಲಾಕಿಂಗ್ ದಂಧೆ ಹೊರಬಿತ್ತು. ಒಬ್ಬರ ಹೆಸರಲ್ಲಿ ಹಾಸಿಗೆ ಹಿಡಿದು ಇನ್ನೊಬ್ಬರಿಗೆ ದುಡ್ಡಿಗೆ ಕೊಡುತ್ತಿದ್ದ ಆರೋಪ. ಅದನ್ನು ಬೇರೆ ಏನಂತ ಕರೆಯುತ್ತೀರಿ? ಪಿತೂರಿಯೇ. ಆಮೇಲೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು, ಅಂದರೆ ಸಾಮಾನ್ಯ ವರ್ಷಗಳಲ್ಲಿ ಆಗುವುದಕ್ಕಿಂತ ಮೇಲಿನವು. ಅದೇ ಎರಡು ವರ್ಷಕ್ಕೆ ಸರ್ಕಾರದ ಕೊರೊನಾ ಸಾವಿನ ಲೆಕ್ಕದಲ್ಲಿ ಇದ್ದದ್ದು 4.8 ಲಕ್ಷದಷ್ಟು. ಲೆಕ್ಕ ಹಾಕಿದ ವಿಧಾನವೇ ಸರಿ ಇಲ್ಲ ಅಂತ ಸರ್ಕಾರ ತಕರಾರು ತೆಗೆಯಿತು. ವಿಧಾನದ ಜಗಳ ತಜ್ಞರಿಗೆ ಇರಲಿ. ಸ್ಮಶಾನದ ಮುಂದೆ ಸಾಲು ನಿಂತವರಿಗೆ ಸರ್ಕಾರದ ಅಂಕಿಯ ಮೇಲೆ ಎಷ್ಟು ನಂಬಿಕೆ ಉಳಿದಿರುತ್ತದೆ?

ನಮ್ಮ ಚಿತ್ರದುರ್ಗ ಜಿಲ್ಲೆಯದೇ ಇನ್ನೊಂದು ಸಂಗತಿ, ರೋಗಕ್ಕೆ ಸಂಬಂಧ ಇಲ್ಲದ್ದು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ, ಅಂದರೆ ಹುಲ್ಲುಗಾವಲಿನ, ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಹೋಯಿತು. ತಲೆತಲಾಂತರದಿಂದ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗಳವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಾದದ್ದು ಬೇಲಿ, ಗೋಡೆ ಎದ್ದಾಗ. ಗೋಡೆಯ ಒಳಗೆ ಏನು ನಡೆಯುತ್ತದೆ ಅನ್ನುವ ಬಗ್ಗೆ ಆಮೇಲೆ ಏನೇನೋ ಮಾತು ಹುಟ್ಟಿದವು. ಹುಟ್ಟದೆ ಇದ್ದಿದ್ದರೆ ಆಶ್ಚರ್ಯ. ಕೇಳದೆ, ಹೇಳದೆ ದೊಡ್ಡ ಕೆಲಸಗಳು ನಡೆದುಹೋಗುತ್ತವೆ ಅನ್ನುವುದು ಅಲ್ಲಿನ ಜನ ಕಣ್ಣಾರೆ ಕಂಡದ್ದು. ಅಂಥವರ ಮನೆಗೆ ಹೋಗಿ ‘ಲಸಿಕೆ ತಗೊಳ್ಳಿ, ಏನೂ ಆಗಲ್ಲ, ನಮ್ಮ ಮಾತು ನಂಬಿ’ ಅನ್ನಬೇಕಾದ ಆಶಾ ಕಾರ್ಯಕರ್ತೆಯ ಪಾಡು ಯಾರಿಗೂ ಬೇಡ. ಮೇಲಿನವರು ಎಷ್ಟೋ ವರ್ಷಗಳಲ್ಲಿ ಕಳೆದ ನಂಬಿಕೆಯನ್ನು ಆಕೆ ಒಂದು ಬೆಳಗ್ಗೆಯಲ್ಲಿ ತರಬೇಕಿತ್ತು. ಅದೂ ಗೌರವಧನಕ್ಕೆ.

ಹಾಗಂತ ಎಲ್ಲ ಕಥೆಯೂ ಅನುಭವದಿಂದ ಹುಟ್ಟಿದ್ದು ಅಂತಲ್ಲ. ನಿಜದ ಚೂರೊಂದು ಸಿಕ್ಕರೆ ಸಾಕು, ಸುತ್ತ ಸುಳ್ಳು ಬೆಳೆಯುತ್ತದೆ. 2020ರ ಫೆಬ್ರುವರಿ, ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ಸುದ್ದಿ ಹಬ್ಬಿತು. ರಾಜ್ಯದಲ್ಲಿ ಕೋಳಿ ಕೇಳುವವರಿಲ್ಲದೆ ಸಾಕಿದವರು ಜೀವಂತ ಹೂಳುವ ಮಟ್ಟಕ್ಕೆ ಹೋದರು. ಅದೇ ಮಾರ್ಚಿನಲ್ಲಿ ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿಜವಾಗಿಯೂ ಹಕ್ಕಿಜ್ವರ ಕಾಣಿಸಿಕೊಂಡಿತು. ಕೋಳಿಗಳನ್ನು ಕೊಂದು ಹೂಳಲು ಸಿಬ್ಬಂದಿ ಬಂದರು. ಹಕ್ಕಿಜ್ವರವೇ ಬೇರೆ, ಕೊರೊನಾವೇ ಬೇರೆ. ಆದರೆ ಮುಖ ಮುಚ್ಚಿಕೊಂಡ ಸರ್ಕಾರಿ ಜನ ಕೋಳಿ ಹೂಳುವುದನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳುವವರು ಯಾರು? ‘ನೋಡಿ, ನಾವು ಹೇಳಿರಲಿಲ್ವಾ?’ ಅನ್ನುವುದಕ್ಕೆ ಅಷ್ಟು ಸಾಕಾಯಿತು.

ಈಗ ಸ್ವಲ್ಪ ಕಹಿ ಮಾತು. ಪಿತೂರಿ ಕಥೆಗೆ ಒಬ್ಬ ಖಳ ಬೇಕು. ಆ ಖಳ ಯಾರು ಅನ್ನುವುದನ್ನು ರೋಗ ತೀರ್ಮಾನ ಮಾಡುವುದಿಲ್ಲ. ಊರಿನಲ್ಲಿ ಮೊದಲೇ ಇದ್ದ ಬಿರುಕು ತೀರ್ಮಾನ ಮಾಡುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ದೆಹಲಿಯಲ್ಲಿ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಯಿಂದ ಸೋಂಕು ಹರಡಿದ್ದು ನಿಜ. ಅಲ್ಲಿಂದ ‘ಬೇಕಂತಲೇ ಹರಡುತ್ತಿದ್ದಾರೆ’ ಅನ್ನುವ ಮಾತಿಗೆ ಜಿಗಿಯಲು ಎರಡು ದಿನ ಹಿಡಿಯಲಿಲ್ಲ. ತರಕಾರಿಗೆ ಉಗುಳುತ್ತಾರೆ, ನೋಟಿಗೆ ಎಂಜಲು ಹಚ್ಚುತ್ತಾರೆ ಅನ್ನುವ ಹಳೆಯ ವಿಡಿಯೊಗಳೆಲ್ಲ ಹೊಸ ವೇಷದಲ್ಲಿ ಬಂದವು. ತಳ್ಳುಗಾಡಿಯ ಹಣ್ಣಿನವರನ್ನು ಹೆಸರು ಕೇಳಿ ವಾಪಸ್ ಕಳಿಸಿದ ಓಣಿಗಳಿದ್ದವು. ಆ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು. ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಅಂತಲೂ ಹೇಳಿತು. ಅಷ್ಟರೊಳಗೆ ಓಣಿಯಲ್ಲಿ ಆಗಬೇಕಾದದ್ದು ಆಗಿತ್ತು.

ಬಿರುಕಿನ ಆ ಕಡೆಯೂ ನೋಡಬೇಕು. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಆ ಏಪ್ರಿಲ್‌ನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಜನ ಅಡ್ಡಗಟ್ಟಿದರು. ಇವರು ಬಂದಿರುವುದು ದೇಶದ ಪೌರರ ಪಟ್ಟಿಯಾದ ಎನ್‌ಆರ್‌ಸಿಗೆ ಮಾಹಿತಿ ತೆಗೆಯಲು ಅನ್ನುವ ಸುದ್ದಿ ಅಲ್ಲಿ ಹಬ್ಬಿತ್ತು. ಪೌರತ್ವ ಕಾಯ್ದೆಯ ತಿದ್ದುಪಡಿ ಆದದ್ದು 2019ರ ಡಿಸೆಂಬರ್‌ನಲ್ಲಿ. ಲಾಕ್‌ಡೌನ್ ಆಗುವ ತನಕ ಪ್ರತಿಭಟನೆ ನಡೆದೇ ಇತ್ತು. ಬಾಗಿಲಿಗೆ ಬಂದು ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರೆ ಅವರಿಗೆ ಮೊದಲು ನೆನಪಾಗುವುದು ಅದೇ. ಆಶಾ ಕಾರ್ಯಕರ್ತೆಗೆ ಹೊಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂ ಕಡೆ ನಡೆದದ್ದು ಒಂದೇ ಲೆಕ್ಕ. ಹೊಸ ಭಯ ಬಂದು ಹಳೆಯ ಭಯದ ಮನೆಯಲ್ಲೇ ಇಳಿದುಕೊಂಡಿತು.

ಚಿಪ್ಪಿನ ಕಥೆಯೂ ಹಾಗೇ. ಲಸಿಕೆಯಲ್ಲಿ ಚಿಪ್ ಇದೆ ಅನ್ನುವುದು ಅಮೆರಿಕದಿಂದ ಬಂದ ಸರಕು. ಆದರೆ ನಮ್ಮಲ್ಲಿ ಅದಕ್ಕೆ ಜಾಗ ಮೊದಲೇ ಸಿದ್ಧ ಇತ್ತು. 2016ರ ನವೆಂಬರಿನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಲ್ಲಿ ಹೂತಿಟ್ಟರೂ ಸರ್ಕಾರಕ್ಕೆ ಗೊತ್ತಾಗುತ್ತದೆ ಅಂತ ಟಿವಿಯಲ್ಲೇ ತೋರಿಸಿದ್ದರು. 2021ರ ಮೇ ತಿಂಗಳಲ್ಲಿ 5ಜಿ ಪರೀಕ್ಷೆಯಿಂದ ಜನ ಸಾಯುತ್ತಿದ್ದಾರೆ ಅನ್ನುವ ಆಡಿಯೊ ಓಡಾಡಿತು. ದೂರಸಂಪರ್ಕ ಇಲಾಖೆ ‘5ಜಿ ಪರೀಕ್ಷೆ ದೇಶದಲ್ಲಿ ಎಲ್ಲೂ ಇನ್ನೂ ಶುರುವೇ ಆಗಿಲ್ಲ’ ಅಂತ ಸ್ಪಷ್ಟನೆ ಕೊಡಬೇಕಾಯಿತು. 5ಜಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಇಲ್ಲದ ಟವರಿನಿಂದ ಸತ್ತರು ಅಂತ ನಂಬಿದ್ದು ನಗು ತರಿಸುತ್ತದೆ. ಆದರೆ ಆ ತಿಂಗಳು ನಗುವ ತಿಂಗಳಾಗಿರಲಿಲ್ಲ.

ಹಾಗಾದರೆ ಮೊಬೈಲಿನ ಪಾತ್ರ ಏನೂ ಇಲ್ಲವಾ? ಇದೆ. ಮೊದಲನೆಯದು ವೇಗ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜಿಗೆ ಬೀದರ್ ಜಿಲ್ಲೆಯಲ್ಲೇ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಇಂಥ ಕೊಲೆಗಳು ದೇಶದ ಹಲವೆಡೆ ಆದ ಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಜನರಿಗೆ ಅಥವಾ ಗ್ರೂಪುಗಳಿಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು ಅಂತ ಮಾಡಿತು. ಅಂಥ ಮೆಸೇಜುಗಳು ಶೇ 70ರಷ್ಟು ಇಳಿದವು ಅಂತ ಕಂಪನಿಯೇ ಹೇಳಿಕೊಂಡಿತು. ಒಂದು ಬಟನ್ನಿನ ಕೆಲಸ ಅಷ್ಟು ಅಂದರೆ, ಹಬ್ಬುವುದರಲ್ಲಿ ನಂಬಿಕೆಗಿಂತ ಸುಲಭದ ಪಾಲು ಎಷ್ಟಿತ್ತು ಅಂತ ಯೋಚಿಸಿ.

ಎರಡನೆಯದು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ನಮ್ಮ ಮನೆಗಳ ಗ್ರೂಪುಗಳಲ್ಲಿ ಫಾರ್ವರ್ಡಿನ ಕೆಳಗೆ ಒಂದು ಸಾಲು ಇರುತ್ತದೆ, ನೋಡಿರುತ್ತೀರಿ. ‘ನಿಜಾನೋ ಸುಳ್ಳೋ ಗೊತ್ತಿಲ್ಲ, ಇರಲಿ ಅಂತ ಕಳಿಸ್ತಿದ್ದೀನಿ.’ ಕಳಿಸುವವರಿಗೆ ನಿಜವೋ ಸುಳ್ಳೋ ಅನ್ನುವುದು ಮುಖ್ಯವೇ ಅಲ್ಲ ಅಂತ ಅವರೇ ಹೇಳಿಬಿಟ್ಟಿದ್ದಾರೆ. ಕಳಿಸದೆ ಇದ್ದು ನಾಳೆ ಮನೆಯವರಿಗೆ ಏನಾದರೂ ಆದರೆ? ಕಳಿಸಿದ್ದು ಸುಳ್ಳಾದರೆ ಹೋಗುವುದೇನು? ಹೀಗೆ ಲೆಕ್ಕ ಹಾಕಿದರೆ ಯಾರಾದರೂ ಕಳಿಸುತ್ತಾರೆ. ಅದು ಕಾಳಜಿ ತೋರಿಸುವ ಒಂದು ರೀತಿ. ಲಾಕ್‌ಡೌನಿನಲ್ಲಿ ಹೋಗಿ ಬಂದು ಮಾಡಲು ಆಗದವರು, ಬುತ್ತಿ ಒಯ್ಯಲು ಆಗದವರು ಕೈಯಲ್ಲಿದ್ದ ಫೋನಿನಿಂದ ಅದನ್ನೇ ಮಾಡಿದರು. ಓದುವವರೂ ಅಷ್ಟೆ. ಮೆಸೇಜ್ ಎಲ್ಲಿಂದ ಬಂತು ಅಂತ ನೋಡುವುದಿಲ್ಲ, ಕಳಿಸಿದವರು ಯಾರು ಅಂತ ನೋಡುತ್ತಾರೆ. ಅತ್ತಿಗೆ ಕಳಿಸಿದ್ದಾರೆ ಅಂದರೆ ಅತ್ತಿಗೆಯ ಮೇಲಿನ ವಿಶ್ವಾಸ ಆ ಮೆಸೇಜಿಗೂ ಅಂಟಿಕೊಳ್ಳುತ್ತದೆ.

ಅದಕ್ಕೇ ಗ್ರೂಪಿನಲ್ಲಿ ‘ಇದು ಸುಳ್ಳು’ ಅಂತ ಹಾಕಿದರೆ ಕಳಿಸಿದವರಿಗೆ ಕೆನ್ನೆಗೆ ಹೊಡೆದ ಹಾಗೆ ಆಗುತ್ತದೆ. ಎಲ್ಲರ ಎದುರು, ತಮ್ಮನ ಸೊಸೆ, ಮೊಮ್ಮಕ್ಕಳ ಎದುರು. ಆಮೇಲೆ ಅವರು ಕಾಪಾಡುತ್ತಿರುವುದು ಮೆಸೇಜನ್ನಲ್ಲ, ತಮ್ಮ ಮರ್ಯಾದೆಯನ್ನು.

ಈಗ ಹಾಸನಕ್ಕೆ ಬರೋಣ. 2025ರ ಮೇ ಕೊನೆ, ಜೂನ್ ತಿಂಗಳಲ್ಲಿ ಸುಮಾರು 40 ದಿನಗಳೊಳಗೆ ಆ ಜಿಲ್ಲೆಯ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿಯಾಯಿತು. ಟಿವಿಯಲ್ಲಿ ದಿನಾ ಎಣಿಕೆ. ಒಮ್ಮೆ ಎಣಿಸಲು ಶುರು ಮಾಡಿದರೆ ಪ್ರತಿಯೊಂದು ಸಾವೂ ಪಟ್ಟಿಗೆ ಸೇರುತ್ತದೆ. ಹಿಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಜಿಲ್ಲೆಯಲ್ಲಿ ಎಷ್ಟು ಜನ ಹೀಗೆ ಸತ್ತಿದ್ದರು ಅಂತ ಟಿವಿ ಮುಂದೆ ಕೂತವರಲ್ಲಿ ಎಷ್ಟು ಜನ ಕೇಳಿದರು? ಮುಖ್ಯಮಂತ್ರಿಗಳೇ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದೂ ಕಾರಣ ಇರಬಹುದು ಅಂತ ಹೇಳಿದ ಮೇಲೆ ನಿಮ್ಮ ದೊಡ್ಡಪ್ಪನಿಗೆ ಇನ್ನೇನು ಬೇಕು? ಆಮೇಲೆ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುವುದಿಲ್ಲ ಅಂತ ವರದಿ ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನ 47 ಆಸ್ಪತ್ರೆಗಳದ್ದು, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ನೋಡಿದ್ದು. ಅದರಲ್ಲೂ ಲಸಿಕೆ ಹಾಕಿಸಿಕೊಂಡವರಿಗೆ ಅಪಾಯ ಹೆಚ್ಚಿದ್ದು ಕಂಡಿಲ್ಲ. ಅಪಾಯ ಹೆಚ್ಚಿಸಿದ್ದು ಮನೆತನದಲ್ಲಿ ಹಠಾತ್ ಸಾವು ಇದ್ದದ್ದು, ಕೊರೊನಾ ಬಂದು ಆಸ್ಪತ್ರೆ ಸೇರಿದ್ದದ್ದು, ಒಂದೇ ಸಲಕ್ಕೆ ಮಿತಿ ಮೀರಿ ಕುಡಿದದ್ದು, ಇಂಥವು. ಇನ್ನೊಂದು ಸರಳ ಲೆಕ್ಕವೂ ಇದೆ. ದೊಡ್ಡವರಲ್ಲಿ ಬಹುತೇಕ ಎಲ್ಲರೂ ಲಸಿಕೆ ಹಾಕಿಸಿಕೊಂಡಿದ್ದಾರೆ. ಹಾಗಾಗಿ ಇವತ್ತು ಯಾರೇ ಸತ್ತರೂ, ಬಸ್ಸು ಗುದ್ದಿ ಸತ್ತರೂ, ಅವರು ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ.

ಇದನ್ನು ಹೇಳುವಾಗ ಒಂದು ವಿಷಯ ಮುಚ್ಚಿಡಬೇಡಿ. ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ, ತೀರಾ ಅಪರೂಪಕ್ಕೆ ಲಸಿಕೆಯಿಂದ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅಂತ ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡಿದೆ. 2024ರ ಏಪ್ರಿಲ್‌ನಲ್ಲಿ ಇದು ಇಲ್ಲೂ ದೊಡ್ಡ ಸುದ್ದಿಯಾಯಿತು. ಆ ತೊಂದರೆ ಬರುವುದಾದರೆ ಸಾಮಾನ್ಯವಾಗಿ ಚುಚ್ಚಿಸಿಕೊಂಡ ಕೆಲವು ವಾರಗಳಲ್ಲೇ ಬರುತ್ತದೆ, ನಾಲ್ಕು ವರ್ಷ ಬಿಟ್ಟು ಬರುವಂಥದ್ದಲ್ಲ. ದೊಡ್ಡಪ್ಪ ಈ ಸುದ್ದಿಯನ್ನು ಖಂಡಿತ ಎತ್ತುತ್ತಾರೆ. ‘ಹೌದು, ಅದು ನಿಜ’ ಅಂತ ಮೊದಲು ಒಪ್ಪಿಕೊಳ್ಳಿ. ಏನೂ ಇಲ್ಲವೇ ಇಲ್ಲ ಅಂತ ವಾದ ಮಾಡಿದರೆ ನೀವೂ ಆಸ್ಪತ್ರೆಯ ‘ಸ್ಟೇಬಲ್ ಇದ್ದಾರೆ’ ಸಾಲಿಗೆ ಸೇರಿಬಿಡುತ್ತೀರಿ.

ಇನ್ನು ಮಾತಾಡುವುದು ಹೇಗೆ ಅಂತ ಕೇಳಿದ್ದೀರಿ. ಗ್ರೂಪಿನಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿ. ಫ್ಯಾಕ್ಟ್ ಚೆಕ್ ಲಿಂಕ್ ಕಳಿಸುವುದನ್ನೂ ನಿಲ್ಲಿಸಿ. ಒಂದು ಭಾನುವಾರ ಅವರ ಮನೆಗೆ ಹೋಗಿ. ಲಸಿಕೆಯ ಮಾತು ಎತ್ತಬೇಡಿ. ‘ದೊಡ್ಡಪ್ಪ, ಚಿಕ್ಕಪ್ಪನನ್ನು ಸೇರಿಸಿದ ದಿನ ಏನೇನಾಯ್ತು, ನಂಗೆ ಸರಿಯಾಗಿ ಗೊತ್ತೇ ಇಲ್ಲ’ ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಯಾರಿಗೆ ಫೋನ್ ಮಾಡಿದರು, ಎಷ್ಟು ಕಟ್ಟಿದರು, ಯಾರು ಏನಂದರು, ಹೇಳಲಿ. ನನ್ನ ಅಂದಾಜು, ಇಷ್ಟು ವರ್ಷದಲ್ಲಿ ಅವರನ್ನು ಇದನ್ನು ಯಾರೂ ಕೇಳಿರಲಿಕ್ಕಿಲ್ಲ. ಎಲ್ಲರೂ ಅವರ ಮೆಸೇಜಿಗೆ ಉತ್ತರ ಕೊಡುತ್ತಿದ್ದಾರೆ. ತಮ್ಮನನ್ನು ಸೇರಿಸುವ ತೀರ್ಮಾನ ಅವರದೇ ಆಗಿತ್ತಾ ಅನ್ನುವುದನ್ನೂ ಗಮನಿಸಿ. ಮನೆಯ ಹಿರಿಯರು, ಅವರೇ ‘ಆಸ್ಪತ್ರೆಗೆ ಹೋಗೋಣ’ ಅಂದಿರಬಹುದು. ಹಾಗಿದ್ದರೆ ಆಸ್ಪತ್ರೆಯವರೇ ಕೊಂದರು ಅನ್ನುವ ಕಥೆ ಅವರ ಮೇಲಿನ ಒಂದು ದೊಡ್ಡ ಭಾರವನ್ನು ಬೇರೆಯವರ ಮೇಲೆ ಇಳಿಸುತ್ತದೆ. ಅದನ್ನು ಕಿತ್ತುಕೊಳ್ಳುವ ಮುಂಚೆ ಆ ಭಾರದ ಬಗ್ಗೆ ಮಾತಾಡಬೇಕು.

ಒಂದು ಪ್ರಾಯೋಗಿಕ ಕೆಲಸವೂ ಇದೆ. ಮನೆಯಲ್ಲಿರುವ ಡೆತ್ ಸಮ್ಮರಿ, ಬಿಲ್ಲು, ಟೆಸ್ಟ್ ರಿಪೋರ್ಟುಗಳನ್ನು ಒಟ್ಟು ಮಾಡಿ. ಆಸ್ಪತ್ರೆಗಳು ದಾಖಲೆ ಇಡಬೇಕಾದ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಆದರೂ ಒಂದು ಅರ್ಜಿ ಕೊಟ್ಟು ಕೇಳಿ, ಕೆಲವು ಕಡೆ ಇನ್ನೂ ಇಟ್ಟಿರುತ್ತಾರೆ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಸಿಕ್ಕಿದ್ದನ್ನು ನಿಮ್ಮ ಪರಿಚಯದ, ಆ ಆಸ್ಪತ್ರೆಗೆ ಸಂಬಂಧ ಇಲ್ಲದ ಡಾಕ್ಟರ ಹತ್ತಿರ ದೊಡ್ಡಪ್ಪನನ್ನೇ ಕರೆದುಕೊಂಡು ಹೋಗಿ. ಆಕ್ಸಿಜನ್ ಮಟ್ಟ ಯಾವ ದಿನ ಎಷ್ಟಿತ್ತು, ಯಾವ ಔಷಧಿ ಯಾಕೆ ಕೊಟ್ಟರು ಅಂತ ಸಾಲು ಸಾಲಾಗಿ ಓದಿಸಿ ಹೇಳಿಸಿ. ಅದರಲ್ಲಿ ಆಸ್ಪತ್ರೆಯ ನಿಜವಾದ ತಪ್ಪೇ ಕಾಣಬಹುದು. ಕಂಡರೆ ಅದನ್ನೂ ಮುಚ್ಚದೆ ಹೇಳಲಿ. ಪೇಪರು ಓದಿ ಲೆಕ್ಕ ನೋಡುವುದು ಮೇಷ್ಟ್ರಿಗೆ ಬರುವ ಕೆಲಸ, ಯಾವ ಫಾರ್ವರ್ಡೂ ಅದನ್ನು ಮಾಡಲು ಬಿಟ್ಟಿರಲಿಲ್ಲ.

ಫಾರ್ವರ್ಡುಗಳು ಮರುದಿನವೇ ನಿಲ್ಲುತ್ತವೆ ಅಂತ ಕಾಯಬೇಡಿ. ಆ ಗ್ರೂಪುಗಳಲ್ಲಿ ಅವರಿಗೆ ಈಗ ಗೆಳೆಯರಿದ್ದಾರೆ, ಬೆಳಗ್ಗೆ ಎದ್ದರೆ ನಮಸ್ಕಾರ ಹೇಳುವವರಿದ್ದಾರೆ. ಮನೆಯ ಗ್ರೂಪಿಗೆ ಬರುವುದು ಸ್ವಲ್ಪ ಕಡಿಮೆ ಆದರೆ, ಅಥವಾ ಹಾಕುವ ಮುಂಚೆ ನಿಮಗೊಬ್ಬರಿಗೆ ಕಳಿಸಿ ‘ಇದು ನೋಡಮ್ಮ, ಹೆಂಗೆ?’ ಅಂತ ಕೇಳಿದರೆ, ಅಷ್ಟಕ್ಕೇ ಸದ್ಯಕ್ಕೆ ಸಾಕು ಅಂದುಕೊಳ್ಳಿ.